ದೀಪ ದೊಡ್ಡದು ಮಾಡು

ಹಳೆಯ ಮನೆಗಳಲ್ಲಿ ದೀಪವನ್ನು ಯಾರೂ ಆರಿಸುವುದಿಲ್ಲ. ಅಂದರೆ ಆರಿಸುತ್ತಾರೆ, ಹಾಗೆ ಅನ್ನುವುದಿಲ್ಲ ಅಷ್ಟೆ. ಆ ಮಾತು ಬಾಯಿಂದ ಬಿದ್ದರೆ ಮನೆಗೆ ಒಳ್ಳೆಯದಲ್ಲವೆಂದು ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು: ಎದ್ದು ಹೋಗಿ ಆರಿಸಿ ಬರಬೇಕು. ತಂತಿಯಕ್ಕ ಸೊಸೆಯಾಗಿ ಬಂದ ಮನೆಯಲ್ಲೂ ಇದೇ ರೂಢಿ. ಬಂದ ಹೊಸತರಲ್ಲಿ ಅವಳು "ದೀಪ ಆರಿಸ್ಲಾ ಅತ್ತೆ?" ಎಂದು ಕೇಳಿದ್ದಕ್ಕೆ ಅತ್ತೆ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಗಂಡನ ಅಣ್ಣ, ಅಂದರೆ ಭಾವ, ಚಾಪೆಯ ಮೇಲೆ ಕೂತಿದ್ದವನು ನಗುತ್ತಾ ತಿದ್ದಿದ್ದ.

"ಈ ಮನೇಲಿ ದೀಪ ಆರೋದಿಲ್ಲಮ್ಮ. ದೊಡ್ಡದಾಗುತ್ತೆ."

ಆ ಮಾತನ್ನು ತಂತಿಯಕ್ಕ ಮರೆಯಲಿಲ್ಲ. ಭಾವ ಮರೆತ, ಅಥವಾ ಮರೆತೆ ಎಂದ. ಇಡೀ ಕಥೆ ಇರುವುದು ಅಲ್ಲೇ.

ಅವಳಿಗೆ ಆಗಿನ್ನೂ ತಂತಿಯಕ್ಕ ಎಂಬ ಹೆಸರು ಬಿದ್ದಿರಲಿಲ್ಲ. ತಂತಿ ಸುತ್ತುತ್ತಿದ್ದವನು ಗಂಡ. ಸುಟ್ಟುಹೋದ ಮೋಟಾರು, ಪಂಪು, ಫ್ಯಾನು ಏನೇ ತಂದುಕೊಟ್ಟರೂ ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದ. ಕೆಲಸವೆಲ್ಲ ಕೆಳಗಿನ ಪಟ್ಟಣದಿಂದಲೇ ಬಸ್ಸಿನ ಟಾಪಿನ ಮೇಲೆ ಹತ್ತಿ ಬರಬೇಕಿತ್ತು, ಯಾಕೆಂದರೆ ಸರ್ಕಾರದ ಕರೆಂಟು ಕಂಬಗಳು ಬೆಟ್ಟದ ಬುಡದಲ್ಲೇ ಸುಸ್ತಾಗಿ ನಿಂತಿದ್ದವು. ಮೇಲಿನ ಊರಿಗೆ ಬೆಳಕು ಕೊಡುತ್ತಿದ್ದವನು ಭಾವ. ಅವನ ಹತ್ತಿರ ಡೀಸೆಲ್ ಜನರೇಟರ್ ಇತ್ತು. ಸಂಜೆಯಾದರೆ ಅದನ್ನು ಗುಡುಗುಡು ಎನ್ನಿಸಿ ಮನೆಮನೆಗೆ ಬೆಳಕು ಮಾರುತ್ತಿದ್ದ. ಎದುರು ಮಾತಾಡಿದವರ ಮನೆಯ ತಂತಿಯನ್ನು ಕಿತ್ತು ಬರುತ್ತಿದ್ದ. ಊರಿನವರು ಅವನನ್ನು ಎದುರಿಗೆ ಸಾಹುಕಾರ್ರೇ ಅನ್ನುತ್ತಿದ್ದರು, ಹಿಂದಿನಿಂದ ಡೀಸೆಲ್ ಅನ್ನುತ್ತಿದ್ದರು.

ಒಂದು ಸಂಜೆ ಸೇತುವೆಯ ಹತ್ತಿರದ ಕಂಬದಲ್ಲಿ ತಂತಿಯ ಗಂಟು ಸಡಿಲವಾಗಿ ಅರ್ಧ ಊರಿನ ದೀಪ ಮಿಣಮಿಣ ಎನ್ನುತ್ತಿತ್ತು. ತಮ್ಮ ಕಂಬ ಹತ್ತಿದ. ಅಣ್ಣ ತನ್ನ ಮನೆಯ ಕೆಳಗಿನ ಜನರೇಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಅಣ್ಣಾ, ದೀಪ ದೊಡ್ಡದು ಮಾಡು!" ಎಂದು ತಮ್ಮ ಮೇಲಿಂದ ಕೂಗಿದ. ಹಳ್ಳದಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಡತಿಗೂ ಅದು ಕೇಳಿಸಿತು. ಯಂತ್ರ ನಿಲ್ಲಿಸುವುದೂ ಬೇಡ, ಒಂದು ಸ್ವಿಚ್ಚು ಇಳಿಸಿದ್ದರೆ ಸಾಕಿತ್ತು. ಆದರೆ ಮಹಡಿಯಲ್ಲಿ ಮರದ ವ್ಯಾಪಾರಕ್ಕೆ ಬಂದ ದೊಡ್ಡ ಮನುಷ್ಯರು ಊಟಕ್ಕೆ ಕೂತಿದ್ದರು. ಅವರ ತಟ್ಟೆಯ ಮುಂದೆ ಕತ್ತಲೆ ಮಾಡಲು ಭಾವನಿಗೆ ಮನಸ್ಸಾಗಲಿಲ್ಲ. ತಮ್ಮ ಹೇಗೋ ಸುಧಾರಿಸಿಕೊಳ್ಳುತ್ತಾನೆ ಎಂದುಕೊಂಡು, ಸ್ವಿಚ್ಚಿನ ಪಕ್ಕದಲ್ಲೇ ಹಾದು, ಅತಿಥಿಗಳಿಗೆ ನೀರು ಬೇಕೇ ಎಂದು ಕೇಳಲು ಮೆಟ್ಟಿಲು ಹತ್ತಿದ. ತಮ್ಮನಿಗೆ ಅಣ್ಣ ಒಳಗೆ ಹೋದದ್ದು ಮಾತ್ರ ಕಂಡಿತು. ಪೂರ್ತಿ ಕತ್ತಲಾಗಿರಲಿಲ್ಲ, ಯಾವ ಕಿಟಕಿಯಲ್ಲಿ ದೀಪವಿದೆ ಯಾವುದರಲ್ಲಿಲ್ಲ ಎಂದು ಮೇಲಿನಿಂದ ತಿಳಿಯುವಂತಿರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಅಣ್ಣನನ್ನು ನಂಬಿ, ತಂತಿಗೆ ಕೈ ಹಾಕಿದ.

ಜೀವ ಉಳಿಯಿತು. ಬಲಗೈ ಮಣಿಕಟ್ಟಿನವರೆಗೆ ಸುಟ್ಟು, ಬೆರಳುಗಳು ಒಳಕ್ಕೆ ಮುದುಡಿ ಹಾಗೇ ಗಟ್ಟಿಯಾದವು.

ತನಿಖೆಗೆ ಪಟ್ಟಣದಿಂದ ಒಬ್ಬ ಎಳೆಯ ಅಧಿಕಾರಿ ಬಂದ. ಸ್ವಿಚ್ಚಿನ ಕಾಲದಲ್ಲಿ ಹುಟ್ಟಿದವನು, ಎಣ್ಣೆದೀಪದ ಮನೆಯ ಮಾತು ಕೇಳಿ ಗೊತ್ತಿಲ್ಲದವನು. ಶಾಲೆಯ ಜಗಲಿಯ ಮೇಲೆ ಊರೆಲ್ಲ ಸೇರಿತ್ತು.

"ನಿಮ್ಮ ತಮ್ಮ ಕಂಬದ ಮೇಲಿಂದ ಏನಂದ್ರು?" ಎಂದು ಅಧಿಕಾರಿ ಕೇಳಿದ.

"ದೀಪ ದೊಡ್ಡದು ಮಾಡು ಅಂದ ಸಾರ್," ಎಂದ ಭಾವ. "ದೀಪ ಸಣ್ಣಗೆ ಉರೀತಿತ್ತಲ್ಲ, ಅದಕ್ಕೇ ಹೇಳ್ತಿದಾನೆ ಅಂದ್ಕೊಂಡೆ. ಒಳಗೆ ಹೋಗಿ ಜನರೇಟರ್ ಜೋರು ಮಾಡ್ದೆ. ಅವನು ಹೇಳಿದ್ದನ್ನೇ ಸಾರ್ ನಾನು ಮಾಡಿದ್ದು."

"ಸುಳ್ಳು!" ಎಂದು ಅವಳು ಎದ್ದು ನಿಂತಳು. "ನಮ್ಮನೇಲಿ ದೊಡ್ಡದು ಮಾಡು ಅಂದ್ರೆ ಆರಿಸು ಅಂತ ಅರ್ಥ. ನಂಗೆ ಅದನ್ನ ಹೇಳ್ಕೊಟ್ಟಿದ್ದೇ ಇವರು!"

ಅಧಿಕಾರಿಗೆ ನಗು ಬಂತು. ದೊಡ್ಡದು ಮಾಡು ಎಂದರೆ ಆರಿಸು ಎನ್ನುವ ಭಾಷೆ ಯಾವುದು? ಆದರೂ ಒಳ್ಳೆಯವನು, ಅತ್ತೆಯ ಕಡೆ ತಿರುಗಿ, "ಹೌದಾ ಅಜ್ಜಿ, ಹಾಗಂತೀರಾ ನೀವು?" ಎಂದು ಕೇಳಿದ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಅತ್ತೆ ಇದ್ದದ್ದು ಹಿರಿಮಗನ ಮನೆಯಲ್ಲಿ, ಅವನ ಅನ್ನದ ಮೇಲೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, "ವಯಸ್ಸಾಯ್ತಪ್ಪ, ನಂಗೊಂದೂ ನೆನಪಿಲ್ಲ" ಎಂದಳು. ಆ ಮಾತಿನ ಅರ್ಥ ಗೊತ್ತಿಲ್ಲದ ಹಿರಿಯರು ಊರಲ್ಲಿ ಒಬ್ಬರೂ ಇರಲಿಲ್ಲ. ಆದರೆ ಎಲ್ಲರ ಮನೆಯ ದೀಪವೂ ಒಬ್ಬನ ಕೈಯಲ್ಲಿದ್ದಾಗ ಬಾಯಿ ಬಿಡುವ ಧೈರ್ಯ ಯಾರಿಗೆ? ದರ್ಜಿ ತನ್ನ ಚಪ್ಪಲಿ ನೋಡಿಕೊಂಡ. ಹಿಟ್ಟಿನ ಗಿರಣಿಯವನು ಆಕಾಶ ನೋಡಿದ. ತಪ್ಪು ತಿಳಿವಳಿಕೆಯಿಂದಾದ ಅಪಘಾತ ಎಂದು ಬರೆದುಕೊಂಡು ಅಧಿಕಾರಿ ಮಧ್ಯಾಹ್ನದ ಬಸ್ಸಿಗೆ ಇಳಿದುಹೋದ.

ಗಂಡ ಅಣ್ಣನನ್ನು ಒಂದು ಮಾತೂ ಬಯ್ಯಲಿಲ್ಲ. "ಆಗಿದ್ದು ಆಗೋಯ್ತು ಬಿಡೇ" ಎಂದ. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ, ಅವನ ಪಾಲಿನದೂ ಸೇರಿ ಇವಳಿಗೇ ಬರುತ್ತಿತ್ತು. ಕೈ ಸುಟ್ಟದ್ದನ್ನು ಒಂದಲ್ಲ ಒಂದು ದಿನ ಕ್ಷಮಿಸಿಬಿಡುತ್ತಿದ್ದಳೇನೋ. ಉಡಾಫೆ, ದೊಡ್ಡಸ್ತಿಕೆ ಯಾರಿಗಿಲ್ಲ? ಆದರೆ ಕಂಬದ ಮೇಲಿಂದ ನಂಬಿಕೆಯಿಂದ ಕೂಗಿದ ಮಾತನ್ನೇ ತಿರುಚಿ, ತಪ್ಪು ಕೂಗಿದವನದೇ ಎಂದು ಮಾಡಿದರಲ್ಲ, ಅದು ಅವಳ ಗಂಟಲಿಂದ ಇಳಿಯಲಿಲ್ಲ. ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟ ಹಾಗೆ ಮುಚ್ಚಿಟ್ಟುಕೊಂಡಳು. ಇದೇ ಊರಿನ ಎದುರು, ಅವನ ಬಾಯಿಂದಲೇ, ಆ ಮಾತಿನ ಅರ್ಥ ಅವನಿಗೆ ಗೊತ್ತಿತ್ತು ಎಂದು ಹೊರಡಿಸಬೇಕು. ಅದಾಗುವವರೆಗೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನಿಶ್ಚಯಿಸಿದಳು.

ಸೇಡಿಗೂ ಬಂಡವಾಳ ಬೇಕು. ಅವಳ ಹತ್ತಿರ ಇದ್ದದ್ದು ಗಂಡನ ಬಾಯಿ ಮತ್ತು ತನ್ನ ಕೈ. ಅವನು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ, ಅವಳು ನೆಲದಲ್ಲಿ ಕೂತು ಮಾಡುತ್ತಿದ್ದಳು. ಮೋಟಾರಿನ ಹೊಟ್ಟೆ ಬಿಚ್ಚುವುದು, ಸೀಳುಗಳನ್ನು ಕೆರೆದು ಕಾಗದ ಹಾಸುವುದು, ತಂತಿಯನ್ನು ಸುರುಳಿ ಸುತ್ತಿ ಉಗುರು ತಾಗದಂತೆ ಕೂರಿಸುವುದು, ವಾರ್ನಿಷ್ ಕುಡಿಸಿ ಒಲೆಯ ಬಿಸಿಗೆ ಒಣಗಿಸುವುದು. ಮೊದಲ ಮೋಟಾರು ಹೊಗೆ ಬಿಟ್ಟು ಸತ್ತಿತು. ಎರಡನೆಯದು ಗೊರಗೊರ ಎಂದು ಮೂರು ಮನೆಯ ನಾಯಿಗಳನ್ನು ಬೊಗಳಿಸಿತು. ಆಮೇಲಿನವು ತಿರುಗಿದವು. "ಮದುವೆ ಆದಾಗಿಂದ ನೀನು ನನ್ನ ಮಾತು ಕೇಳಿದ್ದು ಇದೇ ಮೊದಲು" ಎಂದು ಗಂಡ ನಕ್ಕ. ಊರು ಅವಳನ್ನು ತಂತಿಯಕ್ಕ ಎಂದು ಕರೆಯತೊಡಗಿತು.

ತಿರುಗಿಸಿದರೆ ಮೋಟಾರೇ ಕರೆಂಟು ಕೊಡುತ್ತದೆ ಎಂದು ಗಂಡ ಒಂದು ದಿನ ಮಾತಿಗೆ ಮಾತು ಬಂದು ಹೇಳಿದ. ತಂತಿಯಕ್ಕ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು.

"ಯಾರು ತಿರುಗಿಸ್ಬೇಕು?"

"ಯಾರಾದ್ರೂ. ಹಳ್ಳದ ನೀರಾದ್ರೂ ಸರಿ."

ಹಳ್ಳ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಬಂಡೆಯ ಮೇಲಿಂದ ಧುಮುಕಿ ಸೇತುವೆಯ ಅಡಿ ನುಗ್ಗುತ್ತಿತ್ತು. ಸೇತುವೆಯ ಒಂದು ಮಗ್ಗುಲಿಗೆ ಭಾವನ ಎರಡಂತಸ್ತಿನ ಮನೆ, ಇನ್ನೊಂದು ಮಗ್ಗುಲಿಗೆ ಗಿರಣಿಯವನ ತಾತ ಕಟ್ಟಿಸಿದ್ದ ನೀರಗಿರಣಿಯ ಪಾಳು ಕೋಣೆ. ತಂತಿಯಕ್ಕ ಗಿರಣಿಯವನ ಹತ್ತಿರ ಹೋಗಿ ಆ ಕೋಣೆ ಕೇಳಿದಳು. ಅವನು ಎರಡನೆಯ ಮಾತಿಲ್ಲದೆ ಕೊಟ್ಟ. ಶಾಲೆಯ ಜಗಲಿಯ ಮೇಲೆ ಆಕಾಶ ನೋಡಿದ್ದು ಅವನ ಹೊಟ್ಟೆಯಲ್ಲೂ ಇಷ್ಟು ದಿನ ಕರಗಿರಲಿಲ್ಲ. ಕಮ್ಮಾರ ಒಂದು ಗಾಲಿ ಮಾಡಿ ಅದರ ಸುತ್ತ ಸೌಟಿನಂಥ ಬಟ್ಟಲುಗಳನ್ನು ಬೆಸೆದುಕೊಟ್ಟ. ಮೇಲಿನಿಂದ ಪೈಪಿನಲ್ಲಿ ಇಳಿದ ನೀರು ಸಣ್ಣ ಮೂತಿಯಿಂದ ಚಿಮ್ಮಿ ಸೌಟುಗಳಿಗೆ ಹೊಡೆಯಬೇಕು, ಗಾಲಿ ತಿರುಗಬೇಕು. ಮೂತಿಯ ಮುಂದೆ ಒಂದು ಕಬ್ಬಿಣದ ಹಿಡಿ. ಅದನ್ನು ಮೇಲಕ್ಕೆತ್ತಿದಷ್ಟೂ ಧಾರೆ ಗಾಲಿಗೆ ಜೋರಾಗಿ ಬೀಳುತ್ತದೆ, ಪೂರ್ತಿ ಕೆಳಗೆಳೆದರೆ ಧಾರೆ ಪಕ್ಕಕ್ಕೆ ಸರಿದು ಗಾಲಿ ನಿಲ್ಲುತ್ತದೆ.

"ಸೌಟಿನ ಕರೆಂಟಂತೆ! ಬಡಿಸ್ಕೊಂಡು ತಿನ್ನೋದಾ?" ಎಂದು ಭಾವ ಸೇತುವೆಯ ಮೇಲೆ ನಿಂತು ನಗಾಡಿದ. ಊರೂ ನಕ್ಕಿತು. ಗಿರಣಿಯವನ ಹಿಟ್ಟಿನ ಯಂತ್ರ ಹೊಗೆಯಿಲ್ಲದೆ, ಡೀಸೆಲ್ಲಿಲ್ಲದೆ ತಿರುಗಿದ ದಿನ ಊರು ನಗು ನಿಲ್ಲಿಸಿತು. ದರ್ಜಿ ಬಂದ, ಬಡಗಿ ಬಂದ, ಸೂಲಗಿತ್ತಿ ಬಂದಳು. "ನಮ್ಮನೆಗೂ ಒಂದು ತಂತಿ ಎಳಿಯಮ್ಮ" ಎಂದು ಹಲ್ಲು ಗಿಂಜಿದರು. ಒಬ್ಬೊಬ್ಬರ ಮುಖ ನೋಡಿದಾಗಲೂ ಅವಳಿಗೆ ಜಗಲಿಯೇ ಕಣ್ಣಿಗೆ ಕಟ್ಟುತ್ತಿತ್ತು. ಆದರೂ ಎಳೆದಳು. ಇವರ ಮೇಲಿನ ಸಿಟ್ಟು ಚಿಲ್ಲರೆ ಸಿಟ್ಟು. ಇವರು ಒಬ್ಬೊಬ್ಬರಾಗಿ ಇತ್ತ ಬಂದಷ್ಟೂ ಅತ್ತ ಜನರೇಟರ್ ಮೂಕವಾಗುತ್ತಿತ್ತಲ್ಲ, ಅದೇ ಅವಳಿಗೆ ಔಷಧಿ. ಕೊನೆಗೊಂದು ಸಂಜೆ ಅದು ಕೆಮ್ಮಿ ನಿಂತದ್ದು ಮತ್ತೆ ಶುರುವಾಗಲಿಲ್ಲ. ಭಾವ ತನ್ನ ಮನೆಗೆ ಮಾತ್ರ ಪಟ್ಟಣದಲ್ಲಿ ಚಾರ್ಜು ಮಾಡಿಸಿದ ಬ್ಯಾಟರಿ ತಂದಿಟ್ಟುಕೊಂಡ. ತಮ್ಮನ ಹೆಂಡತಿಯ ಕರೆಂಟು ತೆಗೆದುಕೊಳ್ಳುವುದಕ್ಕಿಂತ ಕತ್ತಲೆಯೇ ವಾಸಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ವ್ಯಾಪಾರ ಕಸಿದುಕೊಂಡದ್ದು ಅವಳಿಗೆ ಸಾಲಲಿಲ್ಲ. ವ್ಯಾಪಾರ ಅವಳು ಕೇಳಿಯೇ ಇರಲಿಲ್ಲ.

ನೀರಿನ ಕರೆಂಟಿಗೆ ಒಂದು ಸ್ವಭಾವವಿದೆ. ಡೀಸೆಲ್ಲಿನ ಹಾಗೆ ಬೇಕೆಂದಾಗ ಕುಡಿಸಿ ಬೇಡವೆಂದಾಗ ಉಪವಾಸ ಕೆಡವಲು ಬರುವುದಿಲ್ಲ. ನೀರು ಹಗಲೂ ರಾತ್ರಿ ಒಂದೇ ಸಮ ಬೀಳುತ್ತದೆ. ಊರವರು ದೀಪ ಆರಿಸಿ ಮಲಗಿದರೆ ಗಾಲಿಯ ಮೇಲಿನ ಹೊರೆ ಇಳಿದು ಅದು ಹುಚ್ಚು ಹಿಡಿದಂತೆ ಓಡಿ ಮುರಿದುಕೊಳ್ಳುತ್ತದೆ. ಆದ್ದರಿಂದ ಊರು ಬಳಸದೆ ಬಿಟ್ಟದ್ದನ್ನೆಲ್ಲ ಎಲ್ಲಾದರೂ ಸುಡಬೇಕು. ಪಟ್ಟಣದಿಂದ ತಂದ ಒಂದು ಪೆಟ್ಟಿಗೆ ತನ್ನಷ್ಟಕ್ಕೆ ಆ ಲೆಕ್ಕ ನೋಡಿಕೊಳ್ಳುತ್ತಿತ್ತು: ಊರು ಹೆಚ್ಚು ಬಳಸಿದರೆ ಸುಡುವ ಕಡೆಗೆ ಕಡಿಮೆ, ಊರು ಕಡಿಮೆ ಬಳಸಿದರೆ ಸುಡುವ ಕಡೆಗೆ ಹೆಚ್ಚು.

"ಒಂದು ತೊಟ್ಟಿಲಿ ನೀರು ಕಾಯಿಸೋಣ," ಎಂದ ಗಂಡ. "ಎಲ್ಲ ಕಡೆ ಹಾಗೇ ಮಾಡೋದು. ಬಾಣಂತಿಯರಿಗೂ ಆಗುತ್ತೆ."

"ನೋಡೋಣ," ಎಂದಳು ತಂತಿಯಕ್ಕ. ಮರುದಿನ ಮೈದಾನಕ್ಕೆ ಹಾಕುವಂಥ ದಪ್ಪ ದಪ್ಪ ಬಲ್ಬುಗಳನ್ನು ತರಿಸಿದಳು. ಅವುಗಳನ್ನು ನೀರಗಿರಣಿಯ ಪಕ್ಕದ ಕಂಬಕ್ಕೆ, ಗಂಡ ಕೈ ಸುಟ್ಟುಕೊಂಡ ಅದೇ ಕಂಬಕ್ಕೆ ಕಟ್ಟಿಸಿದಳು. ಒಂದೊಂದರ ಮುಖವೂ ಭಾವನ ಮಹಡಿಯ ಮಲಗುವ ಕೋಣೆಗೆ ನೇರ.

ಅವತ್ತಿನಿಂದ ಊರು ಮಲಗಿತು, ಭಾವ ಏಳಲಾರಂಭಿಸಿದ. ಒಂದು ಮನೆಯ ದೀಪ ಆರಿದರೆ ಅವನ ಕಿಟಕಿ ಒಂದು ಹಿಡಿ ಬೆಳಗುತ್ತಿತ್ತು. ಊರೆಲ್ಲ ಕತ್ತಲಾದಾಗ ಅವನ ಕೋಣೆಯಲ್ಲಿ ಸೂಜಿಗೆ ದಾರ ಪೋಣಿಸಬಹುದಿತ್ತು. ಪರದೆ ಹಾಕಿದ, ಪರದೆಯ ಮೇಲೆ ಕಂಬಳಿ ಹಾಕಿದ, ಕಂಬಳಿಯ ಮೇಲೆ ಹಲಗೆ ಬಡಿದ. ಸಂದುಗಳಿಂದ ಬೆಳಕು ಬಂದು ಗೋಡೆಯ ಮೇಲೆ ಗೀರುಗೀರಾಗಿ ಬಿತ್ತು. ಗಾಳಿಯಿಲ್ಲದೆ ಬೆವೆತು ಮತ್ತೆ ಹಲಗೆ ಕಿತ್ತ. ತಂತಿಯಕ್ಕ ತನ್ನ ಮನೆಯ ಕಿಟಕಿಯಿಂದ ಅವನ ನೆರಳು ಅತ್ತಿಂದಿತ್ತ ಹೋಗುವುದನ್ನು ನೋಡಿ, ಕಣ್ತುಂಬ ನಿದ್ದೆ ಮಾಡುತ್ತಿದ್ದಳು.

ಅವನು ಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಬಂದು ಏನು ಹೇಳುತ್ತಾನೆ ಎಂದು ಕೇಳಲೆಂದೇ ಕಾದಿದ್ದಳು. ಬಂದ.

"ಆ ಲೈಟುಗಳನ್ನ ಆಫ್ ಮಾಡಮ್ಮ."

"ಆಫ್ ಮಾಡಿದ್ರೆ ಗಾಲಿ ಮುರಿಯುತ್ತೆ ಭಾವ. ನೀರು ಬೀಳೋ ಕಡೆ ಯಂತ್ರ ಇಡ್ಬೇಕು. ನಿಮ್ಮನೆ ಅಲ್ಲೇ ಇದ್ರೆ ನಾನೇನ್ ಮಾಡ್ಲಿ?"

ಇನ್ನೊಮ್ಮೆ ಬಂದು "ಬಂದ್ ಮಾಡು" ಎಂದ. ಮತ್ತೊಮ್ಮೆ "ತೆಗೆಸು", ಅದಾದ ಮೇಲೆ "ನಿಲ್ಲಿಸು", "ಕಡಿಮೆ ಮಾಡು". ನಿಘಂಟು ಪೂರ್ತಿ ಸುತ್ತಿ ಬಂದರೂ ಆ ಒಂದು ಮಾತಿನ ಹತ್ತಿರ ಕಾಲಿಡಲಿಲ್ಲ. ತನಿಖೆಯಾದಾಗಿನಿಂದ ಅವನ ಮನೆಯಲ್ಲಿ ಆ ಮಾತಿಗೆ ಬೀಗ ಬಿದ್ದಿತ್ತೆಂದು ಅವಳಿಗೆ ವಾರಗಿತ್ತಿ, ಅಂದರೆ ಭಾವನ ಹೆಂಡತಿಯೇ, ಬಾವಿಯ ಹತ್ತಿರ ಹೇಳಿದ್ದಳು. ಕಳ್ಳನಿಗೆ ಗೊತ್ತಿರುತ್ತದೆ ಕದ್ದದ್ದು ಎಲ್ಲಿದೆ ಎಂದು.

ಒಂದು ಮಧ್ಯಾಹ್ನ ಅತ್ತೆಯೇ ಸೇತುವೆ ದಾಟಿ ಬಂದಳು. ಕಣ್ಣ ಸುತ್ತ ಕಪ್ಪಾಗಿತ್ತು. ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡಳು.

"ನಿದ್ದೆ ಇಲ್ಲ ಕಣಮ್ಮ. ಆ ದೀಪನ ಸ್ವಲ್ಪ..." ಎಂದವಳು ಅಲ್ಲೇ ತಡೆದಳು.

"ಸ್ವಲ್ಪ ಏನ್ ಮಾಡ್ಲಿ ಅತ್ತೆ?"

ಮುದುಕಿಯ ತುಟಿ ಅಲ್ಲಾಡಿತು. ಜೀವಮಾನವಿಡೀ ಪ್ರತಿ ರಾತ್ರಿ ಆಡಿದ ಮಾತು ಹಲ್ಲಿಲ್ಲದ ವಸಡಿನವರೆಗೆ ಬಂದು ನಿಂತಿತ್ತು. ಅದನ್ನು ಆಡುವಂತಿಲ್ಲ, ನೆನಪಿಲ್ಲ ಎಂದು ಊರೆದುರು ಹೇಳಿಯಾಗಿದೆ. ‘ಆರಿಸು’ ಎನ್ನಲು ನಾಲಿಗೆ ಏಳುವುದಿಲ್ಲ.

"ಏನೂ ಇಲ್ಲ ಬಿಡು," ಎಂದು ಎದ್ದು ಹೋದಳು.

ಅವಳ ಬಾಗಿದ ಬೆನ್ನು ನೋಡಿ ತಂತಿಯಕ್ಕನ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಒಳಗೆ ಗಂಡ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಿರುವುದು ಕಂಡಿತು. ಮತ್ತೆ ಗಟ್ಟಿಯಾಯಿತು.

ಆದದ್ದು ಒಂದು ಸಂಜೆ. ಸೂರ್ಯ ಬೆಟ್ಟದ ಹಿಂದೆ ಇಳಿದಿದ್ದ. ಸೇತುವೆಯ ಪಕ್ಕದ ಹಿಟ್ಟಿನ ಗಿರಣಿಯ ಮುಂದೆ ಚೀಲ ಹಿಡಿದ ಜನ ಸಾಲಾಗಿ ನಿಂತಿದ್ದರು. ಬಡಗಿಯ ಗರಗಸ, ಹಿಟ್ಟಿನ ಯಂತ್ರ, ಮನೆಮನೆಯ ದೀಪ ಎಲ್ಲ ಒಟ್ಟಿಗೆ ಓಡುತ್ತಿದ್ದವು. ಕರೆಂಟಿನ ಕೊನೆಯ ಹನಿಯೂ ಊರಿಗೇ ಬೇಕಾಗಿ ಕಂಬದ ಬಲ್ಬುಗಳು ಪೂರ್ತಿ ಕಪ್ಪಾಗಿದ್ದವು. ಭಾವ ಆ ಹೊತ್ತನ್ನೇ ನೋಡಿಟ್ಟುಕೊಂಡಿದ್ದ. ಮರದ ಏಣಿಯನ್ನು ಹೆಗಲ ಮೇಲೆ ಹೊತ್ತು, ಜೇಬಿನಲ್ಲಿ ಕಟಿಂಗ್ ಪ್ಲೇಯರ್ ಇಟ್ಟುಕೊಂಡು, ಊರೇ ನೋಡಲಿ ಎಂದು ಸೇತುವೆ ದಾಟಿ ಬಂದು ಕಂಬಕ್ಕೆ ಏಣಿ ಒರಗಿಸಿದ.

ತಂತಿಯಕ್ಕ ನೀರಗಿರಣಿಯ ಬಾಗಿಲಲ್ಲಿ ಹಿಡಿಯ ಪಕ್ಕ ನಿಂತಿದ್ದಳು. ಅವಳು ತುಟಿ ಬಿಚ್ಚಲಿಲ್ಲ. ಕೂಗಿದವನು ಗಂಡ.

"ಅಣ್ಣಾ, ಹತ್ತಬೇಡ! ಅದರಲ್ಲಿ ಕರೆಂಟಿದೆ!"

"ದೀಪವೇ ಇಲ್ಲ, ಕರೆಂಟು ಎಲ್ಲಿಂದ ಬರುತ್ತೋ?" ಎಂದು ಭಾವ ಏಣಿ ಏರುತ್ತಲೇ ನಕ್ಕ. "ಇಷ್ಟು ವರ್ಷ ಊರಿಗೆ ಕರೆಂಟ್ ಕೊಟ್ಟವನಿಗೆ ಹೇಳ್ಕೊಡ್ತೀಯ?"

ಡೀಸೆಲ್ಲಿನವನ ತಪ್ಪು ಅದು. ಅವನ ಲೋಕದಲ್ಲಿ ಆರಿದ್ದು ಆರಿದ್ದೇ. ಇಲ್ಲಿ ಬಲ್ಬು ಆರಿದ್ದರೂ ಊರು ಬಿಟ್ಟ ಕರೆಂಟು ಯಾವ ಗಳಿಗೆಯಲ್ಲಾದರೂ ಅದೇ ತಂತಿಗೆ ನುಗ್ಗಬಹುದಿತ್ತು. ಬಲ್ಬುಗಳ ಮಧ್ಯೆ ತಲೆ ತೂರಿಸಿ ಮೊದಲ ತಂತಿ ಕತ್ತರಿಸಿದ. ಪ್ಲೇಯರಿನ ರಬ್ಬರ್ ಹಿಡಿ ಅವನನ್ನು ಕಾಪಾಡಿತು. ಕತ್ತರಿಸಿದ ತುದಿ ಕೆಳಗೆ ಜಾರಿ ಅವನ ಮೊಣಕಾಲಿನ ಹತ್ತಿರ ಗಾಳಿಗೆ ತೂಗಾಡತೊಡಗಿತು. ಅದೇ ಹೊತ್ತಿಗೆ ಕೊನೆಯ ಚೀಲದ ಧಾನ್ಯ ಮುಗಿದು ಗಿರಣಿಯವನು ಯಂತ್ರ ನಿಲ್ಲಿಸಿದ.

ಉಳಿದ ಬಲ್ಬುಗಳೆಲ್ಲ ಅವನ ಮುಖದ ಮುಂದೆ ಭಗ್ಗನೆ ಹೊತ್ತಿಕೊಂಡವು. ಪ್ಲೇಯರ್ ಕೈಜಾರಿ ಬಿತ್ತು. ಕಣ್ಣು ಕತ್ತಲಿಟ್ಟಿತು, ಅಷ್ಟು ಬೆಳಕು. ಎರಡೂ ತೋಳಿನಲ್ಲಿ ಏಣಿಯನ್ನು ತಬ್ಬಿಕೊಂಡ. ಕಾಲಿನ ಹತ್ತಿರ ತಂತಿ ತೂಗುತ್ತಿದೆ, ಎಲ್ಲಿದೆ ಎಂದು ಕಾಣುವುದಿಲ್ಲ, ಇಳಿಯಲು ಕಾಲೆತ್ತಿದರೆ ತಾಗುತ್ತದೆ. ಪ್ರಾಣಭಯ ಬಂದಾಗ ಮನುಷ್ಯನ ಬಾಯಿಗೆ ಬರುವುದು ಕಲಿತ ಮಾತಲ್ಲ, ಅಮ್ಮ ಆಡಿದ ಮಾತು.

"ದೀಪ ದೊಡ್ಡದು ಮಾಡೂ!" ಎಂದು ಭಾವ ಕಿರುಚಿದ. "ದೊಡ್ಡದು ಮಾಡಮ್ಮಾ!"

ಗಿರಣಿಯ ಮುಂದಿನ ಸಾಲು ಕಂಬದ ಕಡೆ ತಿರುಗಿತು. ದರ್ಜಿ ತಲೆಯೆತ್ತಿದ. ಭಾವನ ಮನೆಯ ಬಾಗಿಲಿಗೆ ಅತ್ತೆ ಬಂದು ನಿಂತಳು.  ತಂತಿಯಕ್ಕ ಇಷ್ಟು ವರ್ಷ ಕಾದದ್ದು ಇದಕ್ಕೇ. ಅವಸರ ಮಾಡಬಾರದು ಎಂದುಕೊಂಡಳು.

"ಏನಂದ್ರಿ ಭಾವ?"

"ದೊಡ್ಡದು ಮಾಡೇ! ಬೇಗ!"

"ಆಗ್ಲಿ," ಎಂದು ಅವಳು ಹಿಡಿಯನ್ನು ಒಂದು ಬೆರಳಷ್ಟು ಮೇಲಕ್ಕೆತ್ತಿದಳು.

ಧಾರೆ ಜೋರಾಯಿತು. ಬಲ್ಬುಗಳು ಬೆಳ್ಳಗಾದವು. ಬೇಲಿಯ ಮೇಲಿನ ಎಲೆ ಎಲೆಯೂ ಎಣಿಸುವ ಹಾಗೆ ಕಂಡಿತು.

"ಅದಲ್ಲಾ! ಅಯ್ಯೋ, ಅದಲ್ಲ!"

"ದೊಡ್ಡದು ಮಾಡು ಅಂದ್ರಿ, ಮಾಡ್ದೆ. ನೀವು ಹೇಳಿದ್ದನ್ನೇ ಭಾವ ನಾನು ಮಾಡಿದ್ದು."

"ದೊಡ್ಡದು ಮಾಡು ಅಂದ್ರೆ ಏನು ಅಂತ ನಿಂಗೊತ್ತಿಲ್ವೇನೇ?" ಭಾವನ ಧ್ವನಿ ಒಡೆದು ಅಳುವಾಗಿತ್ತು. "ನಾನೇ ಹೇಳ್ಕೊಟ್ಟಿದ್ದಲ್ವಾ! ನೀನು ಮನೆಗೆ ಬಂದಾಗ ನಾನೇ ಅಲ್ವಾ ಹೇಳ್ಕೊಟ್ಟಿದ್ದು!"

ಊರು ಕೇಳಿತು. ಒಬ್ಬರೂ ಈ ಸಲ ಚಪ್ಪಲಿ ನೋಡಿಕೊಳ್ಳಲಿಲ್ಲ. ಗಂಡ ಓಡಿ ಬಂದು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. "ಸಾಕು ಕಣೇ, ಇಳಿಸು" ಎಂದ. ಅವಳಿಗೆ ಇನ್ನೊಂದು ಬಾಕಿ ಇತ್ತು. ಸೇತುವೆಯ ಆಚೆಗೆ ಕೇಳುವಂತೆ ಧ್ವನಿ ಎತ್ತಿದಳು.

"ಅತ್ತೆ, ನಿಮಗೇನಾದ್ರೂ ನೆನಪಿದೆಯಾ?"

ಮುದುಕಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಮೇಲೆ ಏಣಿ ತಬ್ಬಿಕೊಂಡಿದ್ದ ಮಗನನ್ನು ನೋಡಿದಳು. ಕೆಳಗೆ ಮುದುಡಿದ ಕೈಯ ಮಗನನ್ನು ನೋಡಿದಳು.

"ಆರಿಸು ಅಂತ ಕಣೇ," ಎಂದಳು. ಹುಟ್ಟಿದಾಗಿನಿಂದ ಆಡದ ಮಾತು ಅವಳ ಬಾಯಿಂದ ಕಲ್ಲು ಬಿದ್ದ ಹಾಗೆ ಬಿತ್ತು. "ಆರಿಸು ಅಂತ. ಅವತ್ತು ಅವನು ಅಂದಿದ್ದೂ ಅದೇ. ಆರಿಸೇ ತಾಯಿ, ಆರಿಸು."

ತಂತಿಯಕ್ಕ ಹಿಡಿಯನ್ನು ಪೂರ್ತಿ ಕೆಳಗೆಳೆದಳು. ನೀರು ಪಕ್ಕಕ್ಕೆ ಸರಿದು ಬಂಡೆಗೆ ಬಡಿಯಿತು. ಗಾಲಿ ನಿಂತಿತು. ಕಂಬ, ಗಿರಣಿ, ಊರು ಎಲ್ಲ ಒಟ್ಟಿಗೆ ಕಪ್ಪಾದವು.

ಗಿರಣಿಯವನೂ ಬಡಗಿಯೂ ಸೇರಿ ಭಾವನನ್ನು ಏಣಿಯಿಂದ ಇಳಿಸಿದರು. ಅವನು ನೆಲದಲ್ಲೇ ಕೂತ. ಯಾರೋ ಟಾರ್ಚ್ ಹಿಡಿದರು. ತಂತಿಯಕ್ಕ ಅವನ ಎದುರು ಬಂದು ನಿಂತಳು.

"ಕೈ ನೆಟ್ಟಗಿದೆ ತಾನೇ ಭಾವ?" ಎಂದು ಕೇಳಿದಳು.

ಅವನು ಎರಡೂ ಕೈಗಳನ್ನು ನೋಡಿಕೊಂಡ. ಹತ್ತೂ ಬೆರಳು ನೆಟ್ಟಗಿದ್ದವು. ಅವುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡ. ಜನ ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡು, ಅವನನ್ನು ಬಳಸಿ ದಾಟಿ, ಮನೆಗೆ ಹೋದರು. ಸಾಹುಕಾರ್ರೇ ಎಂದು ಯಾರೂ ಕರೆಯಲಿಲ್ಲ.

ತಂತಿಯಕ್ಕನಿಗೆ ಹೊಟ್ಟೆ ತಣ್ಣಗಾಯಿತು. ಅದನ್ನು ಮುಚ್ಚಿಡುವ ಅಗತ್ಯ ಅವಳಿಗೆ ಕಾಣಲಿಲ್ಲ. ಗಾಲಿಯನ್ನು ಮತ್ತೆ ತಿರುಗಿಸಿ ಮನೆಗೆ ಬಂದು ಎರಡು ತುತ್ತು ಜಾಸ್ತಿಯೇ ಉಂಡಳು. ಗಂಡ ಮಾತ್ರ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದ.

"ಅವನು ಅವತ್ತು ಸ್ವಿಚ್ಚು ಇಳಿಸ್ದೇ ಒಳಗೆ ಹೋದ, ಅಷ್ಟೇ," ಎಂದ ಕೊನೆಗೆ. "ನೀನು ಮೇಲಕ್ಕೆತ್ತಿದೆ."

"ಹೌದು, ಎತ್ತಿದೆ," ಎಂದಳು ತಂತಿಯಕ್ಕ. "ಒಂದು ಬೆರಳಷ್ಟು."

ಅವನು ತಟ್ಟೆ ಸರಿಸಿ ಎದ್ದ. ಅವನ ಮಾತು ಅವಳು ಉಂಡ ಅನ್ನದ ಜೊತೆ ಒಳಗೆ ಇಳಿದು ಅಲ್ಲೇ ಉಳಿಯಿತು.

ಮರುದಿನ ಬಲ್ಬುಗಳನ್ನು ಬಿಚ್ಚಿಸಿ, ನೀರಗಿರಣಿಯ ಹಿಂದೆ ತೊಟ್ಟಿ ಇಡಿಸಿ, ಮಿಕ್ಕ ಕರೆಂಟನ್ನು ನೀರು ಕಾಯಿಸಲು ಬಿಟ್ಟಳು. ಬಾಣಂತಿಯರು ಮಾತ್ರವಲ್ಲ, ಊರೇ ಬಿಂದಿಗೆ ಹಿಡಿದು ಬಂತು. ಒಂದು ಬಲ್ಬನ್ನು ಮಾತ್ರ ಅವಳು ಕಂಬದಲ್ಲೇ ಬಿಟ್ಟಳು. ಊರು ಬಳಸದೆ ಬಿಟ್ಟ ಕರೆಂಟಿನಲ್ಲಿ ಅದಕ್ಕೂ ಒಂದು ಪಾಲು.

ಅವತ್ತು ಮಲಗುವ ಹೊತ್ತಿಗೆ ಅವನು ಗೋಡೆಯ ಕಡೆ ತಿರುಗಿ, ಕೈ ಸುಟ್ಟಾಗಿನಿಂದ ಆಡದ ಮಾತನ್ನು ಮೆಲ್ಲಗೆ ಆಡಿದ.

"ದೀಪ ದೊಡ್ಡದು ಮಾಡೇ."

ಅವಳು ಎದ್ದು ಹೋಗಿ ಆರಿಸಿದಳು. ಕಿಟಕಿಯ ಆಚೆ, ಭಾವನ ಮನೆಯ ಎದುರಿನ ಕಂಬದಲ್ಲಿ ಉಳಿಸಿದ್ದ ಆ ಒಂದು ದೀಪ ಸ್ವಲ್ಪ ದೊಡ್ಡದಾಯಿತು.